ಚೆಂಡಿಲ್ಲದ ಹೊಡೆತ

(ಬಾನುಲಿ ಭಾಷಣ)

ಆರ್.ಟಿ. ನಗರದಲ್ಲಿ ನನ್ನ ವಾಸ. ವಿಶ್ವಕವಿ ರವೀಂದ್ರನಾಥ ಠಾಗೂರರ ಹೆಸರನ್ನು ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿ ನಾವು ಕೃತಾರ್ಥರಾಗಿರುವ ಬಡಾವಣೆ ಅದು. ಅಲ್ಲಿಂದ ಊರೊಳಗೆ ಬರುವಾಗ ಮೇಖ್ರಿ ವೃತ್ತವನ್ನು ದಾಟಿ ಸ್ಯಾಂಕಿ ರಸ್ತೆಯನ್ನು ಹಿಡಿಯುತ್ತೇವೆ. ಹೈಗ್ರೌಂಡ್ಸ್ ಸಮೀಪಿಸುತ್ತಿದ್ದಂತೆ ಒಂದು ಮಗ್ಗುಲಿಗೆ ಎತ್ತರವಾದ ಬಲೆ ಕಾಣುತ್ತದೆ; ಬಲೆಯ ಆಚೆ ಹಸುರು. ಅದು ಬೆಂಗಳೂರು ಗಾಲ್ಫ್ ಕ್ಲಬ್ಬು. ಸ್ಥಾಪನೆಯಾದದ್ದು 1876ರಲ್ಲಿ, ವಿಧಾನಸೌಧ ಮುಗಿದು ನಿಂತ ವರ್ಷಕ್ಕಿಂತ ಸರಿಯಾಗಿ 80 ವರ್ಷ ಹಿಂದೆ. ಮೈಸೂರು ಸೀಮೆಯು ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮಕ್ಕೆ ಕಾಲಿಡುತ್ತಿದ್ದ ವರ್ಷವೂ ಅದೇ ಎಂಬುದನ್ನು ನೆನೆದರೆ ಆ ಹಸುರು ಸ್ವಲ್ಪ ಮಂಕಾಗಿ ಕಾಣುತ್ತದೆ. ಆ ಮಾತು ಹಾಗಿರಲಿ.

ಬಸ್ಸಿನ ಕಿಟಕಿಯಿಂದ ನಾನು ಬಹುಕಾಲ ಕಂಡ ಗಾಲ್ಫ್ ಎಂದರೆ ಒಂದೇ ಒಂದು ದೃಶ್ಯ. ಟೋಪಿ ಹಾಕಿದ ಒಬ್ಬ ಗೃಹಸ್ಥ, ಕಾಲ ಬಳಿ ಒಂದು ಬಿಳಿಯ ಚೆಂಡು, ಕೈಯಲ್ಲಿ ಕೋಲು. ಆತ ಚೆಂಡನ್ನು ಹೊಡೆಯುವುದಿಲ್ಲ. ಚೆಂಡಿನ ಪಕ್ಕದ ಗಾಳಿಯನ್ನು ಎರಡು ಸಲ ಹೊಡೆಯುತ್ತಾನೆ; ತಲೆಯೆತ್ತಿ ನೋಡುತ್ತಾನೆ; ಮತ್ತೆ ಗಾಳಿಗೇ ಹೊಡೆಯುತ್ತಾನೆ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಆತ ಕೊನೆಗೂ ಚೆಂಡನ್ನು ಹೊಡೆದನೋ ಇಲ್ಲವೋ ಎಂಬುದು ವರ್ಷಗಟ್ಟಲೆ ನನಗೆ ತಿಳಿಯಲೇ ಇಲ್ಲ. ನಿವೃತ್ತಿಯ ಅಂಚಿನಲ್ಲಿ ಮಿತ್ರರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು, ಅವರ ಅತಿಥಿಯಾಗಿ ನಾನೂ ಒಂದು ಮೈದಾನಕ್ಕೆ ಹೋಗತೊಡಗಿದ ಮೇಲೆ ಆ ಟೋಪಿಯ ಗೃಹಸ್ಥ ನಾನೇ ಆದೆ. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಗಾಳಿಯ ಹೊಡೆತವನ್ನು ಕುರಿತು.

ಗಾಲ್ಫನ್ನು ಕಾಣದ ಕೇಳುಗರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಹದಿನೆಂಟು ಕುಳಿಗಳ ಆಟ ಅದು. ಪ್ರತಿ ಕುಳಿಗೂ ದೂರದಲ್ಲೊಂದು ಆರಂಭದ ಜಾಗ ಇರುತ್ತದೆ. ಅಲ್ಲಿಂದ ಹೊರಟ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಯೊಳಗೆ ಬೀಳಿಸಬೇಕು. ಕುಳಿಯ ಸುತ್ತ ಹುಲ್ಲನ್ನು ಕಂಬಳಿಯಂತೆ ಒತ್ತಾಗಿ, ನುಣುಪಾಗಿ ಕತ್ತರಿಸಿರುತ್ತಾರೆ. ಆ ಜಾಗಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿಗೆ ಬಂದ ಚೆಂಡನ್ನು ಸಾಮಾನ್ಯವಾಗಿ ಹಾರಿಸುವುದಿಲ್ಲ, ಉರುಳಿಸುತ್ತಾರೆ. ಉರುಳಿಸುವ ಕೋಲು ಪಟರ್. ಉರುಳಿಸುವ ಹೊಡೆತ ಪಟ್. ನಮ್ಮ ಗರಡಿಯವರ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲವಾದರೂ, ಎದುರಾಳಿಯನ್ನು ಕೆಡಹುವ ಕೊನೆಯ ಉಪಾಯ ಎಂಬರ್ಥದಲ್ಲಿ ಎರಡೂ ಒಂದೇ ಎಂದು ನನಗೆ ತೋರುತ್ತದೆ.

ಕುಳಿಯ ಅಡ್ಡಳತೆ ನಾಲ್ಕೂಕಾಲು ಅಂಗುಲ. ಸ್ಕಾಟ್ಲೆಂಡಿನವರು 1891ರಲ್ಲಿ ಗೊತ್ತುಮಾಡಿದ ಈ ಅಳತೆ ಇಂದಿಗೂ ಬದಲಾಗಿಲ್ಲ. ಮನೆಯ ಸಣ್ಣ ಚೊಂಬೊಂದನ್ನು ನೆಲದಲ್ಲಿ ಹೂತರೆ ಅದರ ಬಾಯಿ ಎಷ್ಟಿದ್ದೀತೋ ಹೆಚ್ಚುಕಡಿಮೆ ಅಷ್ಟು. ಬಲಶಾಲಿಯೊಬ್ಬ 300 ಗಜ ಹಾರಿಸಿದ ಹೊಡೆತಕ್ಕೂ, ಕುಳಿಯ ಅಂಚಿನಲ್ಲಿ ಎರಡು ಅಂಗುಲ ದೂರದಿಂದ ನೂಕಿದ ಹೊಡೆತಕ್ಕೂ ಲೆಕ್ಕದ ಪುಸ್ತಕದಲ್ಲಿ ಬೆಲೆ ಒಂದೇ. ಸಾಮಾನ್ಯವಾಗಿ ಒಂದು ಸುತ್ತಿಗೆ 72 ಹೊಡೆತ ಎಂದು ಪರಿಣತರಿಗೆ ಲೆಕ್ಕ ಹಾಕಿರುತ್ತಾರೆ. ಅದರಲ್ಲಿ ಪ್ರತಿ ಗ್ರೀನಿನ ಮೇಲೂ ಎರಡರಂತೆ 36 ಹೊಡೆತಗಳು ಪಟ್ಟುಗಳೇ. ಆಟದ ಅರ್ಧಭಾಗ ನೆಲದ ಮೇಲೆ ಉರುಳುತ್ತದೆ ಎಂದಾಯಿತು.

ಒಂದು ಬೆಳಗ್ಗೆ, ಸುತ್ತಿನ ಕೊನೆಯ ಕುಳಿಯಲ್ಲಿ, ನನ್ನ ಚೆಂಡು ಕುಳಿಯಿಂದ ಸುಮಾರು 35 ಅಡಿ ದೂರದಲ್ಲಿ ನಿಂತಿತ್ತು. ನಾನು ವಾಡಿಕೆಯಂತೆ ಗಾಳಿಗೆ ಎರಡು ಬಾರಿ ಬೀಸಿದೆ, ಅನಂತರ ಹೊಡೆದೆ. ಚೆಂಡು ಕುಳಿಯನ್ನು ದಾಟಿ ಹತ್ತು ಅಡಿ ಮುಂದೆ ಹೋಯಿತು. ಮತ್ತೆ ಗಾಳಿಗೆ ಎರಡು, ಮತ್ತೆ ಹೊಡೆತ. ಈ ಸಲ ನಾಲ್ಕು ಅಡಿ ಈಚೆಗೇ ನಿಂತುಬಿಟ್ಟಿತು. ಒಟ್ಟು ನಾಲ್ಕು ಪಟ್ಟುಗಳಾದವು. ನನ್ನ ಕೋಲುಗಳ ಚೀಲ ಹೊತ್ತಿದ್ದ ಕ್ಯಾಡಿ ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಬಾವುಟವನ್ನು ಕುಳಿಗೆ ಸಿಕ್ಕಿಸುತ್ತ ಆತ ಕೇಳಿದ:

“ಸಾರ್, ಒಂದು ಮಾತು ಕೇಳಬಹುದಾ?”

“ಕೇಳಪ್ಪ.”

“ಮೊದಲು ಎರಡು ಸಲ ಗಾಳೀಲಿ ಹೊಡೆದರಲ್ಲ, ಅದು ಯಾವ ಗುಂಡಿಗೆ ಸಾರ್?”

ನಾನು ನಕ್ಕೆ, ಆತ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದಾಗ ಆತನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂದು ತಿಳಿಯಿತು. 35 ಅಡಿ ದೂರವಿದ್ದಾಗ ನಾನು ಬೀಸಿದ್ದು ಒಂದು ಗೇಣು. ಹತ್ತು ಅಡಿ ಇದ್ದಾಗಲೂ ಒಂದು ಗೇಣು. ನಾಲ್ಕು ಅಡಿಗೂ ಅಷ್ಟೇ. ನಾಟಕ ಯಾವುದೇ ಇರಲಿ, ನಾಂದಿಯ ಪದ್ಯ ಮಾತ್ರ ಒಂದೇ ಎನ್ನುವಂತಿತ್ತು ನನ್ನ ಅಭ್ಯಾಸ. ಅದು ಮುಂದಿನ ಹೊಡೆತದ ತಾಲೀಮು ಆಗಿರಲೇ ಇಲ್ಲ. ಧೈರ್ಯಕ್ಕಾಗಿ ಕೆಮ್ಮುವಂತೆ, ಗಂಟಲು ಸರಿಮಾಡಿಕೊಳ್ಳುವಂತೆ ಒಂದು ಚಟವಾಗಿತ್ತು.

ಹಾಗಾದರೆ ಆ ಬೀಸು ಇರುವುದಾದರೂ ಏತಕ್ಕೆ? ಉತ್ತರ ಹೇಳುವ ಮುನ್ನ ಸ್ವಲ್ಪ ಲೆಕ್ಕವನ್ನು ನೋಡಬೇಕು. ಪಟ್ ಎಂದೊಡನೆ ಹೊಸಬರ ಗಮನವೆಲ್ಲ ದಿಕ್ಕಿನ ಮೇಲೆ ಇರುತ್ತದೆ: ಎಡಕ್ಕೆ ಹೋದೀತೆ, ಬಲಕ್ಕೆ ಹೋದೀತೆ? ಆದರೆ 30 ಅಡಿಯ ಪಟ್ ಒಂದರಲ್ಲಿ ಚೆಂಡು ಮೂರು ಅಡಿ ಪಕ್ಕಕ್ಕೆ ಹೋಗಬೇಕಾದರೆ ನಮ್ಮ ಗುರಿ ಸುಮಾರು ಆರು ಡಿಗ್ರಿಯಷ್ಟು ತಪ್ಪಬೇಕು. ಅಷ್ಟು ದೊಡ್ಡ ತಪ್ಪನ್ನು ಕಣ್ಣಿರುವವರಾರೂ ಸುಲಭವಾಗಿ ಮಾಡುವುದಿಲ್ಲ. ದೂರದ ಅಂದಾಜಿನಲ್ಲಾದರೋ, ಹತ್ತಕ್ಕೊಂದು ಪಾಲು ತಪ್ಪಿದರೂ ಸಾಕು, ಆ ಮೂರು ಅಡಿ ಬಂದುಬಿಡುತ್ತದೆ. ಮೂರು ಪಟ್ಟುಗಳ ಸಂಕಟ, ನಾಲ್ಕು ಪಟ್ಟುಗಳ ಅವಮಾನ ಹುಟ್ಟುವುದು ಸಾಮಾನ್ಯವಾಗಿ ದೂರ ತಪ್ಪಿದ್ದರಿಂದ, ದಿಕ್ಕು ತಪ್ಪಿದ್ದರಿಂದಲ್ಲ.

ದೂರವನ್ನು ಬುದ್ಧಿಯಿಂದ ಅಳೆದು ಹೊಡೆಯೋಣವೆಂದರೆ ಅಲ್ಲೊಂದು ತೊಡಕಿದೆ. ಗಡಿಯಾರದ ಲೋಲಕವನ್ನು ನೋಡಿ. ಅಗಲವಾಗಿ ತೂಗಿದರೂ ಕಿರಿದಾಗಿ ತೂಗಿದರೂ ಅದು ತೆಗೆದುಕೊಳ್ಳುವ ಕಾಲ ಹೆಚ್ಚುಕಡಿಮೆ ಒಂದೇ. ಪೀಸಾ ನಗರದ ಇಗರ್ಜಿಯ ತೂಗುದೀಪವನ್ನು ನೋಡುತ್ತ ಗೆಲಿಲಿಯೊ ಇದನ್ನು ಗಮನಿಸಿದನೆಂದು ಒಂದು ಕಥೆಯುಂಟು. ಒಳ್ಳೆಯ ಪಟ್ಟಿನ ಬೀಸೂ ಹಾಗೆಯೇ. ಹತ್ತಿರದ ಕುಳಿಗೆ ಕಿರಿದಾಗಿ, ದೂರದ ಕುಳಿಗೆ ಹಿರಿದಾಗಿ ತೂಗುತ್ತದೆ. ಲಯ ಮಾತ್ರ ಬದಲಾಗುವುದಿಲ್ಲ. ಸಂಗೀತ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ತೂಗುವಾಗ ಬೀಸು ಎರಡರಷ್ಟಾದರೆ ಚೆಂಡಿನ ವೇಗವೂ ಎರಡರಷ್ಟಾಗುತ್ತದೆ. ಆದರೆ ಹುಲ್ಲಿನ ಮೇಲೆ ಚೆಂಡು ಉರುಳುವ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ಎಂದರೆ, ಎರಡು ಪಟ್ಟು ದೂರವಿದೆಯೆಂದು ಎರಡು ಪಟ್ಟು ಬೀಸಿದರೆ ಚೆಂಡು ಸುಮಾರು ನಾಲ್ಕು ಪಟ್ಟು ದೂರ ಹೋಗುತ್ತದೆ! ಬೀಸನ್ನು ಹೆಚ್ಚಿಸಬೇಕಾದದ್ದು ಒಂದೂವರೆಗೂ ಸ್ವಲ್ಪ ಕಡಿಮೆ. ಇಂಥ ವರ್ಗಮೂಲಗಳನ್ನು ಗ್ರೀನಿನ ಮೇಲೆ ನಿಂತು ಲೆಕ್ಕ ಹಾಕುವವನು ಗಣಿತದ ಮೇಷ್ಟರಾಗಬಲ್ಲ, ಗಾಲ್ಫ್ ಆಡಲಾರ.

ಆದರೂ ಈ ವರ್ಗಮೂಲವನ್ನು ನಾವು ಚಿಕ್ಕಂದಿನಲ್ಲಿ ತಪ್ಪಿಲ್ಲದೆ ತೆಗೆದಿದ್ದೇವೆ. ನಾನು ಬೆಳೆದದ್ದು ಯಲಹಂಕದಲ್ಲಿ. ಅದು ಬೆಂಗಳೂರಾಗದೆ ತನ್ನ ಪಾಡಿಗೆ ತಾನು ಬೇರೊಂದು ಊರಾಗಿದ್ದ ಕಾಲ. ಹುಣಿಸೆಯ ಮರದಡಿ ನೆಲಕ್ಕೆ ಹಿಮ್ಮಡಿಯೂರಿ ತಿರುಗಿಸಿ ಒಂದು ಗುಂಡಿ ಮಾಡುತ್ತಿದ್ದೆವು. ದೂರದಲ್ಲೊಂದು ಗೆರೆ ಎಳೆದು ಅಲ್ಲಿಂದ ಗೋಲಿಯನ್ನು ಗುಂಡಿಯ ಕಡೆಗೆ ಉರುಳಿಸುವುದು ಆಟ. ಆಗ ಯಾವ ಹುಡುಗನೂ ತನ್ನ ಕೈಯನ್ನು ನೋಡಿಕೊಂಡದ್ದನ್ನು ನಾನು ಕಾಣೆ. ಕಣ್ಣು ಗುಂಡಿಯ ಮೇಲೆಯೇ ಇರುತ್ತಿತ್ತು. ಗೋಲಿ ಬಿಡುವುದಕ್ಕೆ ಮುಂಚೆ ಕೈ ತಾನಾಗಿ ಹಿಂದಕ್ಕೂ ಮುಂದಕ್ಕೂ ಎರಡು ಸಲ ತೂಗುತ್ತಿತ್ತು. ಆ ತೂಗಾಟದಲ್ಲಿ ಕಣ್ಣು ಕಂಡ ದೂರವನ್ನು ತೋಳು ತನ್ನ ಭಾಷೆಗೆ ಅನುವಾದ ಮಾಡಿಕೊಳ್ಳುತ್ತಿತ್ತು ಎಂದರೆ ಸಾಹಿತ್ಯಾಸಕ್ತರಾದ ತಾವು ಒಪ್ಪಬಹುದು.

ಗಾಳಿಯ ಹೊಡೆತ ಇರುವುದು ಇದಕ್ಕೇ. ಚೆಂಡಿನ ಪಕ್ಕದಲ್ಲಿ, ಕುಳಿಯ ದಾರಿಗೆ ಸಮಾನಾಂತರವಾಗಿ ನಿಲ್ಲಬೇಕು. ಪಟರನ್ನು ಬೀಸುವಾಗ ಚೆಂಡನ್ನೂ ನೋಡಬಾರದು, ಕೋಲನ್ನೂ ನೋಡಬಾರದು, ಕುಳಿಯನ್ನು ನೋಡಬೇಕು. ಒಂದು ಬೀಸಿದಾಗ “ಇದು ಕಡಿಮೆಯಾಯಿತು” ಎಂದು ಒಳಗಿನಿಂದ ಯಾರೋ ಹೇಳುತ್ತಾರೆ. ಇನ್ನೊಂದನ್ನು ತುಸು ಹಿರಿದಾಗಿ ಬೀಸಿದಾಗ “ಇದು ಹೆಚ್ಚು” ಎನ್ನುತ್ತಾರೆ. ಮೂರನೆಯದಕ್ಕೆ ಆ ದನಿ ಸುಮ್ಮನಾದರೆ ಅದೇ ಹೊಡೆತ. ಕೆಲವರಿಗೆ ಒಂದರಲ್ಲೇ ಸಿಕ್ಕುತ್ತದೆ. ನನಗೆ ಮೂರು ಬೇಕು. ನಾಲ್ಕನೆಯದಕ್ಕೆ ಹೋದರೆ ಅನುಮಾನ ಸೇರಿಕೊಳ್ಳುತ್ತದೆ. ಅಲ್ಲಿಗೆ ಕೆಲಸ ಕೆಟ್ಟಿತು.

ದನಿ ಸುಮ್ಮನಾದ ಮೇಲೆ ತಡಮಾಡಬಾರದು. ಇದು ನಾನು ಬಹಳ ದಿನ ತಿಳಿಯದೆ ಹೋದ ಗುಟ್ಟು. ಸರಿಯಾದ ಬೀಸನ್ನು ಕಂಡುಕೊಂಡು, ಚೆಂಡಿನ ಹಿಂದೆ ಕಾಲಿಟ್ಟು, ಆಮೇಲೆ ಮೊಣಕೈ ಹೀಗಿರಬೇಕೆ, ಹೆಬ್ಬೆರಳು ಹಾಗಿರಬೇಕೆ ಎಂದು ಶಾಸ್ತ್ರಾರ್ಥ ಮಾಡುತ್ತ ನಿಂತರೆ ತೋಳಿನಲ್ಲಿದ್ದ ಆ ನೆನಪು ಆರಿಹೋಗುತ್ತದೆ. ಹೊಸದಾಗಿ ಕೇಳಿದ ರಾಗದ ಒಂದು ಎಳೆ ಬಾಯಲ್ಲಿರುವಾಗಲೇ ಗುನುಗಿಕೊಳ್ಳಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಅದು ಹಾರಿಹೋಗುವುದಿಲ್ಲವೆ? ಹಾಗೆಯೇ ಇದು. ಕೊನೆಯ ಬೀಸಾಯಿತು, ಒಂದು ಹೆಜ್ಜೆ ಮುಂದೆ, ಪಟರಿನ ಮುಖವನ್ನು ದಾರಿಗೆ ನೇರ ಮಾಡಿದ್ದಾಯಿತು, ಕುಳಿಯ ಕಡೆಗೊಂದು ನೋಟ, ಕಣ್ಣು ಚೆಂಡಿಗೆ ಮರಳಿದೊಡನೆ, ಈಗ ತಾನೆ ಬೀಸಿದ್ದನ್ನೇ ಮತ್ತೊಮ್ಮೆ ಬೀಸುವುದು. ದಾರಿಯಲ್ಲಿ ಒಂದು ಚೆಂಡು ಇತ್ತು ಎಂಬಷ್ಟೇ ವ್ಯತ್ಯಾಸ.

ಕೇಳಲು ಸುಲಭ. ಆದರೆ ಚೆಂಡು ಎದುರಿಗೆ ಬಂದೊಡನೆ ಕೈ ಸುಳ್ಳು ಹೇಳತೊಡಗುತ್ತದೆ. ಅಭ್ಯಾಸದ ಬೀಸು ನೀರಿನಂತೆ ಹರಿದಿರುತ್ತದೆ. ನಿಜವಾದ ಬೀಸು ಚೆಂಡಿನ ಹತ್ತಿರ ಬಂದು ಗಕ್ಕನೆ ನಿಲ್ಲುತ್ತದೆ, ಇಲ್ಲವೆ ಕುಕ್ಕುತ್ತದೆ. ಇದನ್ನು ಕಂಡುಹಿಡಿಯಲು ನಾನು ಮಾಡಿದ ಉಪಾಯ ಇಷ್ಟೆ: ಮೊಮ್ಮಗಳ ಕೈಗೆ ಮೊಬೈಲ್ ಫೋನು ಕೊಟ್ಟು, ಅಭ್ಯಾಸದ ಬೀಸನ್ನೂ ಅದರ ಹಿಂದೆಯೇ ಬಂದ ಹೊಡೆತವನ್ನೂ ಒಟ್ಟಿಗೆ ಚಿತ್ರ ತೆಗೆಯಲು ಹೇಳಿದೆ. ನೋಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಆಡುತ್ತಿರುವಂತಿತ್ತು. ಒಬ್ಬ ನಿರಾಳವಾಗಿದ್ದ, ಇನ್ನೊಬ್ಬ ಸಾಲಗಾರನ ಹಾಗೆ ಹೆದರಿದ್ದ. “ಅಜ್ಜ, ಮೊದಲನೇದನ್ನೇ ಹೊಡೀಬಾರದಿತ್ತಾ?” ಎಂದಳು ಹುಡುಗಿ. ಯಾವ ಬೋಧಕರೂ ಇದಕ್ಕಿಂತ ಹೆಚ್ಚಿನದೇನನ್ನೂ ನನಗೆ ಹೇಳಿಲ್ಲ.

ಇನ್ನು ಮೈದಾನಕ್ಕೆ ಹೋಗುವ ಮುನ್ನ ಮಾಡುವ ಅಭ್ಯಾಸದ ವಿಷಯ. ದೊಡ್ಡ ಕ್ಲಬ್ಬುಗಳಲ್ಲಿ ಪಟ್ ಅಭ್ಯಾಸಕ್ಕೆಂದೇ ಒಂದು ಗ್ರೀನ್ ಇರುತ್ತದೆ. ಅಲ್ಲಿ ಬೆಳಗಿನ ಹೊತ್ತು ನೋಡಬೇಕು. ಒಬ್ಬೊಬ್ಬರೂ ಆರೋ ಎಂಟೋ ಚೆಂಡುಗಳನ್ನು ಒಂದೇ ಜಾಗದಲ್ಲಿ ಸುರಿದುಕೊಂಡು, ಒಂದೇ ಕುಳಿಗೆ ಒಂದಾದ ಮೇಲೊಂದರಂತೆ ಹೊಡೆಯುತ್ತಿರುತ್ತಾರೆ. ಐದನೆಯದು ಬೀಳುತ್ತದೆ, ಆರನೆಯದೂ ಬೀಳುತ್ತದೆ, ಕಲಿತೆವೆಂದುಕೊಂಡು ಹೊರಡುತ್ತಾರೆ. ಆದರೆ ನಿಜವಾದ ಆಟದಲ್ಲಿ ಒಂದೇ ಪಟ್ಟನ್ನು ಆರು ಸಲ ಹೊಡೆಯಲು ಯಾರು ಬಿಡುತ್ತಾರೆ? ಅಲ್ಲಿ ಪ್ರತಿಯೊಂದೂ ಮೊದಲನೆಯದೇ, ಕೊನೆಯದೂ ಅದೇ.

ನನ್ನ ಕ್ಯಾಡಿಯನ್ನು ಒಮ್ಮೆ ಕೇಳಿದೆ, ಆತ ಆಟ ಕಲಿತದ್ದು ಹೇಗೆಂದು. ಹಲವು ಕ್ಲಬ್ಬುಗಳಲ್ಲಿ ವಾರಕ್ಕೊಂದು ದಿನ ಕ್ಯಾಡಿಗಳಿಗೆ ಆಡಲು ಬಿಡುವ ವಾಡಿಕೆಯುಂಟು. ಹುಡುಗನಾಗಿದ್ದಾಗ ಆತನ ಹತ್ತಿರ ಇದ್ದದ್ದು ಯಾರೋ ಬಿಸಾಡಿದ ಒಂದು ಪಟರು, ಪೊದೆಯಲ್ಲಿ ಸಿಕ್ಕಿದ ಒಂದು ಚೆಂಡು. “ಒಂದೇ ಚೆಂಡು ಸಾರ್. ಹೊಡೆದ ಮೇಲೆ ನಡಕೊಂಡು ಹೋಗಿ, ಅದು ಎಲ್ಲಿ ನಿಂತಿರುತ್ತೋ ಅಲ್ಲಿಂದ ಇನ್ನೊಂದು ಗುಂಡಿಗೆ ಹೊಡೀಬೇಕು. ವಾಪಸು ತರೋಕೆ ಬೇಜಾರು,” ಎಂದ. ಬೇಜಾರಿನಿಂದ ಹುಟ್ಟಿದ ಆ ಪದ್ಧತಿಯೇ ಸರಿಯಾದದ್ದೆಂದು ನನಗೆ ತಿಳಿದದ್ದು ಆಮೇಲೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಂದ ಒಂದು ಪ್ರಯೋಗ ಮಾಡಿಸಿದರು. ಎಂಟು ವರ್ಷದ ಮಕ್ಕಳು ಕಾಳು ತುಂಬಿದ ಸಣ್ಣ ಚೀಲವನ್ನು ನೆಲದ ಗುರಿಗೆ ಎಸೆಯಬೇಕು. ಒಂದು ಗುಂಪು ಯಾವಾಗಲೂ ಮೂರು ಅಡಿಯ ಗುರಿಗೇ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿಗೂ ನಾಲ್ಕು ಅಡಿಗೂ ಎಸೆಯಿತು. ಮೂರು ಅಡಿಗೆ ಎಸೆಯಲೇ ಇಲ್ಲ. ಕೊನೆಯಲ್ಲಿ ಮೂರು ಅಡಿಗೆ ಪರೀಕ್ಷೆ ಇಟ್ಟಾಗ ಹೆಚ್ಚು ಗುರಿ ಹಿಡಿದವರು ಎರಡನೆಯ ಗುಂಪಿನವರು. ಅಳತೆಯನ್ನು ಬದಲಿಸುತ್ತ ಬಂದ ಕೈ ಅಳೆಯುವುದನ್ನು ಕಲಿಯುತ್ತದೆ. ಒಂದೇ ಅಳತೆಯನ್ನು ಉರುಹೊಡೆದ ಕೈ ಆ ಅಳತೆಯನ್ನೂ ಪೂರ್ತಿ ಕಲಿಯುವುದಿಲ್ಲ.

ಚೀಲ ಹೊರುವ ಹುಡುಗರಿಗೆ ಬಡತನ ಕಲಿಸಿದ್ದನ್ನು ಹೊಗಳುವುದು ಸುಲಭ. ನನಗೆ ಆ ಉದ್ದೇಶವಿಲ್ಲ. ಹತ್ತು ಚೆಂಡು ಕೊಂಡುಕೊಳ್ಳುವ ಶಕ್ತಿ ಇದ್ದಿದ್ದರೆ ಅವರಲ್ಲಿ ಇನ್ನೆಷ್ಟು ಮಂದಿ ಮೇಲೆ ಬರುತ್ತಿದ್ದರೋ ಯಾರು ಬಲ್ಲರು? ಆದರೂ ಬೆಂಗಳೂರಿನ ಸಿ. ಮುನಿಯಪ್ಪನವರ ಹೆಸರನ್ನು ಇಲ್ಲಿ ಹೇಳದೆ ಹೋದರೆ ತಪ್ಪಾದೀತು. ಕ್ಯಾಡಿಯಾಗಿ ಈ ಆಟದ ಹೊಸ್ತಿಲು ತುಳಿದ ಅವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು, ಅದೂ ಸಮಸಮ ನಿಂತವರಿಗಾಗಿ ನಡೆಯುವ ಹೆಚ್ಚುವರಿ ಕುಳಿಯ ಸ್ಪರ್ಧೆಯಲ್ಲಿ ಗೆದ್ದರು.

ನಾನೀಗ ಅಭ್ಯಾಸದ ಗ್ರೀನಿಗೆ ಒಂದೇ ಚೆಂಡನ್ನು ಒಯ್ಯುತ್ತೇನೆ. ಮೊದಲ ಹತ್ತು ನಿಮಿಷ ಕುಳಿಯ ಗೊಡವೆಗೇ ಹೋಗುವುದಿಲ್ಲ. ಗ್ರೀನಿನ ಅಂಚನ್ನು ಗುರಿಯಾಗಿಟ್ಟುಕೊಂಡು, ಚೆಂಡು ಅಂಚಿನ ಉದ್ದ ಹುಲ್ಲನ್ನು ಮುಟ್ಟಿ ನಿಲ್ಲಬೇಕು ಎಂದು ಹೊಡೆಯುತ್ತೇನೆ. ಒಮ್ಮೆ 15 ಅಡಿಯಿಂದ, ಮತ್ತೊಮ್ಮೆ 40 ಅಡಿಯಿಂದ, ಆಮೇಲೆ 25ರಿಂದ. ಪ್ರತಿ ಸಲವೂ ಗುರಿಯನ್ನು ನೋಡುತ್ತ ಗಾಳಿಯ ಬೀಸು. ಹೊಡೆದ ಕೂಡಲೆ, ಚೆಂಡು ನಿಲ್ಲುವುದಕ್ಕೆ ಮುಂಚೆ, ಕಡಿಮೆಯೋ ಹೆಚ್ಚೋ ಎಂದು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ಆದರೆ ನನ್ನ ಮಾತು ಸರಿಯಾಗತೊಡಗಿದ ಮೇಲೆ ಹೊಡೆತವೂ ಸರಿಯಾಗತೊಡಗಿತು.

ನಮ್ಮ ಸೀಮೆಯ ಗ್ರೀನಿನಲ್ಲಿ ಇನ್ನೊಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ಬರ್ಮುಡಾ ಎಂದು ದೊಡ್ಡ ಹೆಸರಿನಿಂದ ಕರೆಯುವ ಹುಲ್ಲು ಬೇರೆಯಲ್ಲ, ಗಣಪತಿಗೆ ನಾವು ಏರಿಸುವ ಗರಿಕೆ. ಬಿಸಿಲು ನಾಡಿನ ಗ್ರೀನುಗಳಲ್ಲಿ ಹೆಚ್ಚಾಗಿ ಬೆಳೆಸುವುದು ಆ ಗರಿಕೆಯ ಬಳಗದ ತಳಿಗಳನ್ನೇ. ಗರಿಕೆ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿ ಹರಡುವ ಹುಲ್ಲು. ವಾಲಿದ ದಿಕ್ಕಿನಲ್ಲಿ ನೋಡಿದರೆ ಗ್ರೀನ್ ಮಿರುಗುತ್ತದೆ, ಚೆಂಡು ಓಡುತ್ತದೆ; ಎದುರು ದಿಕ್ಕಿನಲ್ಲಿ ನೋಡಿದರೆ ಬಣ್ಣ ಕಪ್ಪಗೆ ಕಾಣುತ್ತದೆ, ಚೆಂಡು ತೊಡರುತ್ತದೆ. ಇದಲ್ಲದೆ ಮಾಗಿಯ ಮುಂಜಾನೆ ಹೆಬ್ಬಾಳ, ಯಲಹಂಕಗಳ ಕಡೆ ಹೇಗೆ ಮಂಜು ಕವಿದಿರುತ್ತದೆಂದು ಬಲ್ಲವರು ಬಲ್ಲರು. ಇಬ್ಬನಿಯ ಮೇಲೆ ಚೆಂಡು ನೀರಿನ ಗೆರೆ ಬಿಡುತ್ತ ತೆವಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದೇ ಗ್ರೀನ್ ಸಿಮೆಂಟಿನ ಜಗಲಿಯಾಗಿರುತ್ತದೆ. ಆದ್ದರಿಂದ ಮನೆಯಲ್ಲಿ ಕಲಿತ ಬೀಸಿನ ಉದ್ದವನ್ನು ಮೈದಾನಕ್ಕೆ ಹೊತ್ತುಕೊಂಡು ಹೋಗುವಂತಿಲ್ಲ. ಹೊತ್ತುಕೊಂಡು ಹೋಗಬಹುದಾದದ್ದು ಲಯ ಮಾತ್ರ.

ಹತ್ತಿರದ ಪಟ್ಟುಗಳ ಮಾತು ಬೇರೆ. ನಾಲ್ಕೈದು ಅಡಿಯೊಳಗೆ ದೂರದ ಚಿಂತೆ ಅಷ್ಟಿಲ್ಲ. ಅಲ್ಲಿ ದಿಕ್ಕೇ ಮುಖ್ಯ. ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಚೆಂಡಿಗೆ ತಗುಲುವ ಗಳಿಗೆಯಲ್ಲಿ ಪಟರಿನ ಮುಖ ಎತ್ತ ನೋಡುತ್ತಿದೆ ಎಂಬುದು. ಮುಖ ಒಂದು ಡಿಗ್ರಿ ತಿರುಗಿದರೆ ಹತ್ತು ಅಡಿ ಹೋಗುವಷ್ಟರಲ್ಲಿ ಚೆಂಡು ಎರಡು ಅಂಗುಲ ಸರಿಯುತ್ತದೆ. ಕುಳಿಯ ಅರ್ಧ ಅಗಲವೂ ಅಷ್ಟೆ. ಇದಕ್ಕೆ ನಾನು ಮಾಡುವ ಅಭ್ಯಾಸ ಮನೆಯಲ್ಲಿಯೇ. ನಡುಮನೆಯಲ್ಲಿ ಜಮಖಾನ ಹಾಸಿ, ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ ಎರಡು ಪೆನ್ಸಿಲುಗಳನ್ನು ನಿಲ್ಲಿಸಿ, ನಡುವೆ ಚೆಂಡು ತೂರುವಷ್ಟು ಮಾತ್ರ ಸಂದು ಬಿಡುತ್ತೇನೆ. ಆಚೆ ಕುಳಿಯ ಬದಲು ಒಂದು ರೂಪಾಯಿಯ ನಾಣ್ಯ. ನಾಣ್ಯಕ್ಕೆ ಗುರಿಯಿಟ್ಟು ಅಭ್ಯಾಸ ಮಾಡಿದವನಿಗೆ ಮೈದಾನದ ಕುಳಿ ಬಾವಿಯಂತೆ ಕಾಣುತ್ತದೆ. ಜಮಖಾನಕ್ಕೆ ನೀರು ಹಾಯಿಸಬೇಕಾದದ್ದೂ ಇಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಬೀದಿ ಬೀದಿಯಲ್ಲಿ ಟ್ಯಾಂಕರಿಗಾಗಿ ಜನ ಕಾದದ್ದನ್ನು ಕಂಡ ನನಗೆ ಈ ಅಂಶವೂ ಸಣ್ಣದೆನಿಸುವುದಿಲ್ಲ.

ಹತ್ತಿರದ ಪಟ್ಟಿನಲ್ಲಿಯೇ ನನ್ನ ಕೈ ಒಂದು ಕಾಲದಲ್ಲಿ ನಡುಗತೊಡಗಿತ್ತು. ಎರಡು ಅಡಿ ದೂರವಿದ್ದರೂ ಬಲಗೈ ಎಲ್ಲಿಂದಲೋ ಅದುರಿ ಚೆಂಡನ್ನು ಪಕ್ಕಕ್ಕೆ ಚಿಮ್ಮಿಸುತ್ತಿತ್ತು. ಇದೊಂದು ಹಳೆಯ ಕಾಯಿಲೆ; ದೊಡ್ಡ ದೊಡ್ಡ ಆಟಗಾರರನ್ನೂ ಬಿಟ್ಟಿಲ್ಲ. ವಯಸ್ಸಾಯಿತೆಂದು ಕೋಲನ್ನು ಅಟ್ಟಕ್ಕೆ ಹಾಕುವುದೇ ಸರಿ ಎನಿಸಿದ ದಿನಗಳುಂಟು. ಜೋನ್ ವಿಕರ್ಸ್ ಎಂಬ ಕೆನಡಾದ ವಿದ್ವಾಂಸೆ 1992ರಲ್ಲಿ ಪ್ರಕಟಿಸಿದ ಸಂಶೋಧನೆಯ ವಿಷಯವನ್ನು ಓದಿದ್ದು ಆಗಲೇ. ನುರಿತ ಆಟಗಾರರ ನೋಟ ಹೊಡೆಯುವ ಮುನ್ನ ಚೆಂಡಿನ ಮೇಲೆ ಕದಲದೆ ನಿಲ್ಲುತ್ತದೆ. ಚೆಂಡು ಹೊರಟುಹೋದ ಮೇಲೂ ಒಂದು ಕ್ಷಣ ಅದು ಇದ್ದ ಜಾಗದಲ್ಲೇ ಉಳಿಯುತ್ತದೆ. ಕಲಿಯುವವರ ಕಣ್ಣಾದರೋ ಚೆಂಡು ಬಿತ್ತೇ ಎಂದು ಮೊದಲೇ ಕುಳಿಯ ಕಡೆ ಓಡುತ್ತದೆ. ಕಣ್ಣು ಓಡಿದೊಡನೆ ತಲೆ, ತಲೆಯ ಹಿಂದೆ ಹೆಗಲು, ಹೆಗಲಿನ ಹಿಂದೆ ಕೈ! ಹತ್ತಿರದ ಪಟ್ಟಿನಲ್ಲಿ ಈಗ ನಾನು ಕುಳಿಯನ್ನು ನೋಡುವುದಿಲ್ಲ, ಕೇಳುತ್ತೇನೆ. ಚೆಂಡು ಬಿದ್ದ ಸದ್ದು ಕಿವಿಗೆ ಬೀಳುವ ತನಕ ಕಣ್ಣು ಹುಲ್ಲಿನ ಮೇಲಿರುತ್ತದೆ. ಬಾನುಲಿಯ ಕೇಳುಗರಿಗೆ ಈ ಉಪಾಯ ಹಿಡಿಸಬಹುದು. ನಡುಕ ಪೂರ್ತಿ ಹೋಗಿದೆ ಎನ್ನಲಾರೆ. ಕೋಲು ಅಟ್ಟಕ್ಕೆ ಹೋಗಿಲ್ಲ.

ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನು ದೂರದರ್ಶನದಲ್ಲಿ ನೋಡಿದವರಿಗೆ ಪಟ್ಟಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. 1998ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಡೆಗಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಆಟ ಕಲಿತ ಹುಡುಗಿ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸಿನ ಮಹಿಳಾ ಗಾಲ್ಫಿನ ಕೊನೆಯ ದಿನ. ಅದುವರೆಗೆ ಗಾಲ್ಫ್ ಎಂದರೆ ಏನೆಂದು ತಿಳಿಯದ ಎಷ್ಟೋ ಮನೆಗಳಲ್ಲಿ ಬೆಳಗಿನ ತಿಂಡಿ ಆರಿಹೋಯಿತು. ಆ ಹೊತ್ತಿನಲ್ಲಿ ವಿಶ್ವದ ಶ್ರೇಯಾಂಕದಲ್ಲಿ ಸುಮಾರು ಇನ್ನೂರನೆಯ ಸ್ಥಾನದಲ್ಲಿದ್ದ ಆಕೆ ಮೊದಲನೆಯ ಸ್ಥಾನದ ನೆಲ್ಲಿ ಕೊರ್ಡಾ ಅವರ ಜೊತೆಯಲ್ಲಿ ನಡೆಯುತ್ತಿದ್ದರು. ಅದೇ ವರ್ಷ ಕೋವಿಡ್ ಬಂದು ಮೈಯ ಬಲ ತಗ್ಗಿತ್ತು. ಆರಂಭದ ಹೊಡೆತದಲ್ಲಿ ಚೆಂಡು ಜೊತೆಯವರಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ಹಿಂದೆ ಬಿದ್ದದ್ದನ್ನೆಲ್ಲ ಗ್ರೀನಿನ ಮೇಲೆ ಪಟರು ಹಿಡಿದು ಸರಿಗಟ್ಟುತ್ತಿದ್ದರು. ನಾಲ್ಕು ದಿನ, 72 ಕುಳಿ, 269 ಹೊಡೆತ. ಚಿನ್ನ ಗೆದ್ದ ಕೊರ್ಡಾ ಅವರಿಗೆ 267. ಬೆಳ್ಳಿ ಕಂಚುಗಳಿಗಾಗಿ ಮತ್ತೆ ಆಡಿದ ಇಬ್ಬರಿಗೆ 268. ಕೊನೆಯ ಕುಳಿಯಲ್ಲಿ ದೂರದಿಂದ ಹೊಡೆದ ಆಕೆಯ ಪಟ್ ಒಳಗೆ ಬೀಳಲಿಲ್ಲ. ನಾಲ್ಕನೆಯ ಸ್ಥಾನ. ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ತಂದರು. ಊರೆಲ್ಲ ಆ ಸಂಭ್ರಮದಲ್ಲಿ ಬೆಳಗಿನದನ್ನು ಮರೆಯಿತು. ನನಗೆ ಮಾತ್ರ ಆ ಕೊನೆಯ ಪಟ್ಟಿಗೆ ಮುಂಚೆ ಆಕೆ ನಿಂತಿದ್ದ ನಿಲುವೇ ಕಣ್ಣಿನಲ್ಲಿ ಉಳಿಯಿತು. ಪದಕ ಆ ಒಂದು ಹೊಡೆತದಲ್ಲಿತ್ತು. ನಿಲುವಿನಲ್ಲಿ ಅದರ ಸುಳಿವೇ ಇರಲಿಲ್ಲ.

ಅಂಥವರ ಪಟ್ಟೂ ತಪ್ಪುತ್ತದೆ ಎಂಬುದರಲ್ಲಿ ನಮ್ಮಂಥವರಿಗೆ ಒಂದು ಸಮಾಧಾನವಿದೆ. ಅಮೆರಿಕದ ವೃತ್ತಿಪರ ಪುರುಷರ ಲಕ್ಷಗಟ್ಟಲೆ ಹೊಡೆತಗಳನ್ನು ಲೆಕ್ಕ ಹಾಕಿದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ತೋರಿಸಿದಂತೆ, ಎಂಟು ಅಡಿಯ ಪಟ್ಟುಗಳಲ್ಲಿ ಅವರು ಒಳಗೆ ಹಾಕುವುದು ಅರ್ಧದಷ್ಟನ್ನು ಮಾತ್ರ. ಇಪ್ಪತ್ತು ಅಡಿಯಲ್ಲಿ ನೂರಕ್ಕೆ ಹದಿನೈದರಷ್ಟು. ಅದೇ ಮಹನೀಯರು, ದೊಡ್ಡವರನ್ನು ದೊಡ್ಡವರನ್ನಾಗಿ ಮಾಡುವುದು ಪಟ್ಟಿಗಿಂತ ಹೆಚ್ಚಾಗಿ ದೂರದ ಹೊಡೆತಗಳೇ ಎಂದೂ ತೋರಿಸಿದ್ದಾರೆ. ಇರಬಹುದು. ಆದರೆ ಅರವತ್ತು ದಾಟಿದ ಹೆಗಲಿನಿಂದ ಚೆಂಡನ್ನು ಇನ್ನು ಐವತ್ತು ಗಜ ದೂರ ಹಾರಿಸುವ ವಿದ್ಯೆಯನ್ನು ಯಾರೂ ನನಗೆ ಕಲಿಸಲಾರರು. ಜಮಖಾನದ ಮೇಲೆ ಕಲಿಯಬಹುದಾದದ್ದು ಇದೊಂದೇ.

ಈ ಉತ್ಸಾಹದಲ್ಲಿ ಗ್ರೀನಿನ ಮೇಲೆ ಹತ್ತಾರು ಸಲ ಗಾಳಿಗೆ ಬೀಸುತ್ತ ನಿಲ್ಲಬಾರದೆಂಬ ಎಚ್ಚರವೂ ಬೇಕು. ಹಿಂದಿನ ಗುಂಪಿನವರು ಕಾದಿರುತ್ತಾರೆ. 2019ರಲ್ಲಿ ಪರಿಷ್ಕರಿಸಿದ ನಿಯಮಗಳಲ್ಲಿ, ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯುವುದು ಒಳ್ಳೆಯದೆಂದು ಹೇಳಿದ್ದಾರೆ. ಮೂರು ಬೀಸಿಗೆ, ಒಂದು ಹೆಜ್ಜೆಗೆ, ಒಂದು ನೋಟಕ್ಕೆ ಅಷ್ಟು ಕಾಲ ಧಾರಾಳವಾಗಿ ಸಾಕು. ಗಾಳಿಯ ಬೀಸು ಎಷ್ಟಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಚೆಂಡನ್ನು ಹೊಡೆಯುವ ಉದ್ದೇಶವಿದ್ದರೆ ಮಾತ್ರ ಅದು ಹೊಡೆತ. ಗ್ರೀನಿನ ಮೇಲೆ ಹಾಗೆ ಬೀಸುವಾಗ ಅಕಸ್ಮಾತ್ತಾಗಿ ಪಟರು ಚೆಂಡಿಗೆ ತಗುಲಿ ಅದು ಸರಿದುಹೋದರೆ, ಈಗಿನ ನಿಯಮದಂತೆ ದಂಡವೂ ಇಲ್ಲ. ಚೆಂಡನ್ನು ಎತ್ತಿ ಮೊದಲಿದ್ದ ಜಾಗದಲ್ಲಿ ಇಟ್ಟರಾಯಿತು. ನನಗೆ ಹಾಗೆ ಎರಡು ಸಲ ಆಗಿದೆ. ಒಂದು ಸಲ ಚೆಂಡು ನೇರವಾಗಿ ಹೋಗಿ ಕುಳಿಯೊಳಗೆ ಬಿತ್ತು. ಕ್ಯಾಡಿ ಅದನ್ನು ತೆಗೆದು ಒರೆಸಿ, ಏನೂ ಮಾತನಾಡದೆ, ಮತ್ತೆ ನನ್ನ ಕಾಲ ಬಳಿ ತಂದಿಟ್ಟ.